ಹೂವಿನ ಹಿಪ್ಪರಗಿಯ ಹಸಿರು ಚೌಕ

ತುಕ್ಕು ಹಿಡಿದ ಎಣ್ಣೆ ಡಬ್ಬಿಯನ್ನು ಬೇವಿನ ಕೋಲಿನಿಂದ ಬಡಿಯುವ ಸದ್ದು ಅದು. ಮೊದಲು ಠಣ ಠಣ ಎಂಬ ಒರಟು ಪೆಟ್ಟು, ಅದರ ಹಿಂದೆಯೇ ಜೋಳದ ತೆನೆಗಳ ಮೇಲಿಂದ ಹಕ್ಕಿಗಳ ಹಿಂಡು ಒಟ್ಟಿಗೆ ಎದ್ದು ರೆಕ್ಕೆ ಬಡಿದ ಸದ್ದು, ಆಮೇಲೆ ಯಾವುದೋ ಹೆಂಗಸಿನ ಒಡಕು ದನಿ, ಹೋ... ಹೋ... ಎಂದು ಬದುವಿನಿಂದ ಬದುವಿಗೆ ಹರಿದು ಹೋಗುತ್ತಿತ್ತು. ಬಿಜಾಪುರ ಜಿಲ್ಲೆಯಲ್ಲಿ ನಾನು ಕಳೆದ ಮೊದಲ ಚಳಿಗಾಲದಲ್ಲಿ ನನಗೆ ಬೇರೆ ಅಲಾರಂ ಬೇಕಾಗಲಿಲ್ಲ.

ಈಚೆಗೆ ಒಂದು ಮದುವೆಗೆಂದು ಬಸವನ ಬಾಗೇವಾಡಿಗೆ ಹೋಗಿದ್ದೆ. ದಾರಿಯಲ್ಲಿ ಕಾರಿನ ಗಾಜು ಇಳಿಸಿ ಕಿವಿಗೊಟ್ಟು ಕೂತೆ. ಕಬ್ಬು, ದ್ರಾಕ್ಷಿ, ಕಾಲುವೆಯ ನೀರು, ಟ್ರ್ಯಾಕ್ಟರಿನ ಮೇಲೆ ಜೋರಾಗಿ ಹಾಡು. ಜೋಳವೂ ಇತ್ತು, ಅಲ್ಲೊಂದು ಇಲ್ಲೊಂದು ಹೊಲ. ಡಬ್ಬಿಯ ಸದ್ದು ಮಾತ್ರ ಇಲ್ಲ. ಕಾರು ಓಡಿಸುತ್ತಿದ್ದ ತಮ್ಮನ ಸೊಸೆ, “ಆಂಟಿ, ಏಸಿ ಎಲ್ಲ ಹೊರಗ ಹೋಗಾಕತ್ತೈತಿ, ಗ್ಲಾಸ್ ಏರಸ್ಲೇನು?” ಅಂದಳು. ಏರಿಸಮ್ಮ ಅಂದೆ. ಗಾಜು ಏರಿತು. ಮನಸ್ಸು ಆಗಲೇ ಇಳಿದು ಹೊಲದ ಬದುವಿನ ಮೇಲೆ ನಡೆಯುತ್ತಿತ್ತು.

ಎಪ್ಪತ್ತರ ದಶಕದ ನಡುಭಾಗ. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟು ಬಹಳ ಕಾಲವಾಗಿರಲಿಲ್ಲ. ನಮ್ಮ ಕಚೇರಿಯ ಬೋರ್ಡು ಹೊಸದು, ರಬ್ಬರ್ ಸ್ಟಾಂಪು ಇನ್ನೂ ಮೈಸೂರಿನದೇ. ಬೆಳೆಗಳ ಅಂಕಿಸಂಖ್ಯೆ ತೆಗೆಯುವ ಆ ಕಚೇರಿಗೆ ನಾನು ಪ್ರೊಬೇಷನರ್ ಆಗಿ ಬಂದೆ. ಈಗಿನ ಮಕ್ಕಳು ಇಂಟರ್ನ್ ಅನ್ನುತ್ತಾರಲ್ಲ, ಹೆಚ್ಚುಕಡಿಮೆ ಅದೇ: ಕೆಲಸ ಪೂರ್ತಿ, ಮರ್ಯಾದೆ ಅರ್ಧ.

ನಾನು ಬೆಳೆದದ್ದು ಬೆಳಗಾವಿಯ ಒಂದು ಕಾನ್ವೆಂಟಿನಲ್ಲಿ. ಆಳೆತ್ತರದ ಕಾಂಪೌಂಡು, ಅದರ ಮೇಲೆ ಗಾಜಿನ ಚೂರು, ಗೇಟಿನಲ್ಲಿ ವಾಚ್‌ಮನ್. ಊಟಕ್ಕೆ ಲೈನ್, ಪ್ರೇಯರಿಗೆ ಲೈನ್, ಸಂಜೆಯ ವಾಕಿಗೂ ಇಬ್ಬಿಬ್ಬರ ಲೈನ್. ಸಿಸ್ಟರುಗಳು ಒಳ್ಳೆಯವರೇ, ನನಗೆ ಅವರ ಮೇಲೆ ಯಾವ ದೂರೂ ಇಲ್ಲ. ಆದರೆ ಮೊದಲ ಸಲ ಇಂಡಿ ತಾಲೂಕಿನ ಕಪ್ಪು ಮಣ್ಣಿನ ಎರಿಭೂಮಿಯ ನಡುವೆ ಜೀಪಿನಿಂದ ಇಳಿದು ನಿಂತಾಗ ನಾಲ್ಕೂ ದಿಕ್ಕಿಗೆ ಕಣ್ಣಿಗೆ ತಡೆಯಾಗುವ ಒಂದು ಗೋಡೆಯೂ ಇರಲಿಲ್ಲ. ಆಕಾಶ ನೆಲಕ್ಕೆ ತಾಗುವ ಜಾಗ ಕಾಣುತ್ತಿತ್ತು. ದಿಸ್ ಈಸ್ ಮೈನ್, ಅಂದುಕೊಂಡೆ. ಇಪ್ಪತ್ತೆರಡು ವರ್ಷದ ಹುಡುಗಿಗೆ ಇನ್ನು ವಾಪಸ್ ಲೈನಿಗೆ ಹೋಗಿ ನಿಲ್ಲುವುದು ಬೇಡವಾಗಿತ್ತು. ಅಷ್ಟೇ ನನ್ನ ಆಂಬಿಷನ್.

ಅದಕ್ಕೇ ಆಪತ್ತು ಬಂದದ್ದು ಮೊದಲ ದಿನವೇ. ಬಿಜಾಪುರದ ಜಿಲ್ಲಾ ಕಚೇರಿಯ ದೊಡ್ಡ ಸಾಹೇಬರು ಮೈಸೂರು ಕಡೆಯವರು, ಮೃದುವಾಗಿ ಮಾತಾಡುವವರು. “ನೋಡಮ್ಮ, ಫೀಲ್ಡು ನಿಮ್ಮಂಥವರಿಗೆ ಹೇಳಿಸಿದ್ದಲ್ಲ. ಆದ್ರೂ ಈ ಹಿಂಗಾರಿ ಸೀಸನ್ ನೋಡೋಣ. ಒಂದೇ ಒಂದು ಪ್ಲಾಟ್ ಲಾಸ್ ಆದ್ರೂ ನಿಮ್ಮನ್ನ ಬೆಂಗಳೂರಿನ ಕಂಪೈಲೇಷನ್ ಸೆಕ್ಷನ್ನಿಗೆ ಕಳಿಸ್ತೀನಿ. ಅಲ್ಲಿ ಫ್ಯಾನಿದೆ,” ಅಂದರು. ಫ್ಯಾನಿನ ಮಾತನ್ನು ಅವರು ಪ್ರೀತಿಯಿಂದಲೇ ಹೇಳಿದ್ದು. ಐ ವಾಸ್ ಟೆರಿಫೈಡ್.

ಪ್ಲಾಟ್ ಅಂದರೆ ಏನೆಂದು ಹೇಳಬೇಕು. ಒಂದು ತಾಲೂಕಿನಲ್ಲಿ ಎಕರೆಗೆ ಎಷ್ಟು ಜೋಳ ಬಂತು ಎಂದು ಸರ್ಕಾರಕ್ಕೆ ಗೊತ್ತಾಗಬೇಕಲ್ಲ, ಎಲ್ಲ ಹೊಲ ಅಳೆಯಲಾಗುವುದಿಲ್ಲ. ಹಾಗಾಗಿ ಚೀಟಿ ಎತ್ತಿದ ಹಾಗೆ ಕೆಲವು ಊರು, ಊರಿನಲ್ಲಿ ಕೆಲವು ಹೊಲ, ಹೊಲದಲ್ಲಿ ಒಂದು ಚೌಕ. ತೆನೆ ಹೊರಡುವ ಮೊದಲೇ ಹೋಗಿ ಆ ಚೌಕಕ್ಕೆ ಗೂಟ ಹೊಡೆದು, ಹಗ್ಗ ಕಟ್ಟಿ, ಮೂಲೆಗೆ ಕೆಂಪು ಬಟ್ಟೆ ಸಿಕ್ಕಿಸಿ ಬರಬೇಕು. ಕೊಯ್ಲಿನ ದಿನ ಮತ್ತೆ ಹೋಗಿ ಅದರೊಳಗಿನ ಜೋಳವನ್ನಷ್ಟೇ ಕೊಯ್ದು, ಬಡಿದು, ತೂರಿ, ತೂಗಬೇಕು. ಚೌಕ ಸುತ್ತಲ ಹೊಲದಂತೆಯೇ ಇರಬೇಕು, ಅದಕ್ಕಿಂತ ಚಂದವೂ ಆಗಬಾರದು, ಕೆಟ್ಟದ್ದೂ ಆಗಬಾರದು. ನಾವು ಹೋಗುವ ಮೊದಲೇ ಯಾರಾದರೂ ಕೊಯ್ದುಬಿಟ್ಟರೆ, ದನ ನುಗ್ಗಿದರೆ, ಪ್ಲಾಟ್ ಲಾಸ್.

ನನಗೆ ಕೆಲಸ ಕಲಿಸಬೇಕಾದವರು ಇನ್‌ಸ್ಪೆಕ್ಟರ್ ಬಿರಾದಾರ ಸಾಹೇಬರು. ಬಿಳಿ ಟೋಪಿ, ಮೊಣಕೈ ಸವೆದ ಖಾಕಿ ಕೋಟು, ಎಲೆಯಡಿಕೆ. ಮೊದಲ ದಿನ ನನ್ನ ಕಾಲು ನೋಡಿ, “ಬಾಯಾರ, ಆ ಚಪ್ಪಲ್ ಬದಲಸ್ರಿ. ಎರಿ ಒಮ್ಮೆ ಹಿಡದ್ರ ನಿಮ್ಮನ್ನ ಬಿಟ್ಟೀತು, ಚಪ್ಪಲ್ ಬಿಡಂಗಿಲ್ಲ,” ಅಂದರು. ಜೀಪಿನ ಡ್ರೈವರ್ ಮಹಬೂಬಣ್ಣ. ಆ ಜೀಪನ್ನು ಅವನು ಎಮ್ಮೆಯೆಂದು ಕರೆಯುತ್ತಿದ್ದ. “ಇವತ್ತ ಎಮ್ಮಿ ಮನಸ್ಸ ಸರಿ ಇಲ್ರಿ ಅಕ್ಕಾರ,” ಅಂದನೆಂದರೆ ಆ ದಿನ ನಾವು ನಡೆಯಬೇಕು ಎಂದು ಅರ್ಥ.

ನಮ್ಮ ಟೀಮಿಗೆ ಬಿರಾದಾರರು ಹಾಕಿಕೊಟ್ಟ ಒಂದು ಪದ್ಧತಿ ಇತ್ತು. ಕೆಲಸದಲ್ಲಿ ಯಾರು ತಪ್ಪಿದರೂ ಅಲ್ಲಿ ಬೈಗುಳವಿಲ್ಲ, ಮೆಮೋ ಇಲ್ಲ. ಮುಂದಿನ ಬಸ್‌ಸ್ಟ್ಯಾಂಡಿನಲ್ಲಿ ತಪ್ಪಿದವರು ಎಲ್ಲರಿಗೂ ಚಹಾ ಕುಡಿಸಬೇಕು, ಕುಡಿಯುವಾಗ ತಪ್ಪನ್ನು ತಾವೇ ಬಾಯಿಬಿಟ್ಟು ಹೇಳಬೇಕು, ಲೋಟ ಖಾಲಿಯಾದ ಮೇಲೆ ಆ ಮಾತು ಮತ್ತೆ ಎತ್ತಬಾರದು. ಆಮೇಲೆ ನಾನು ದೊಡ್ಡ ದೊಡ್ಡ ಮ್ಯಾನೇಜ್‌ಮೆಂಟ್ ಟ್ರೇನಿಂಗುಗಳಿಗೆ ಹೋಗಿ ಕೂತಿದ್ದೇನೆ, ಓವರ್‌ಹೆಡ್ ಪ್ರೊಜೆಕ್ಟರುಗಳನ್ನು ನೋಡಿದ್ದೇನೆ. ಇದಕ್ಕಿಂತ ಒಳ್ಳೆಯದನ್ನು ಯಾರೂ ಹೇಳಿಕೊಡಲಿಲ್ಲ.

ಮೊದಮೊದಲು ಚಹಾ ಎಲ್ಲ ನನ್ನದೇ. ಇಂಡಿಯಲ್ಲಿ ಹೊಲದ ಮೂಲೆ ತಪ್ಪಿ ಹಿಡಿದೆ, ಚಹಾ. ಚೌಕ ಎಲ್ಲಿ ಬರಬೇಕೆಂದು ತಿಳಿಯಲು ನಮ್ಮಲ್ಲಿ ಅಂಕಿಗಳ ಒಂದು ಸಣ್ಣ ಪುಸ್ತಕ ಇತ್ತು. ಅದನ್ನು ತೆಗೆದು ಬೆರಳಿಟ್ಟು ಓದುತ್ತಿದ್ದರೆ ರೈತರು ನನ್ನನ್ನು ಸುತ್ತುವರಿದು, “ಅಕ್ಕೋರು ಪಂಚಾಂಗ ನೋಡಾಕತ್ತಾರ, ಸುಮ್ನಿರ್ರಿ,” ಎನ್ನುತ್ತಿದ್ದರು. ಒಬ್ಬ ಮುದುಕ ಮಗಳ ಮದುವೆಗೆ ಮುಹೂರ್ತ ಕೇಳಿದ. ನನಗೆ ನಗು ತಡೆಯಲಾಗದೆ ಹೆಜ್ಜೆಯ ಲೆಕ್ಕ ತಪ್ಪಿತು, ಮತ್ತೆ ಚಹಾ. ಸಿಂದಗಿಯಲ್ಲಿ ಅಕಾಲದ ಒಂದು ಮಳೆ ಬಿದ್ದು ಎಮ್ಮೆ ಗಾಲಿಯ ಮಟ್ಟಕ್ಕೆ ಹೂತುಹೋಯಿತು. ಬಿರಾದಾರರು ಕೋಟು ಬಿಚ್ಚಿ ಮಡಚಿ ಸೀಟಿನ ಮೇಲಿಟ್ಟು ಹಿಂದಿನಿಂದ ದಬ್ಬಿದರು. ನಾನೂ ದಬ್ಬಿದೆ. ಜೀಪು ಎದ್ದು ಹೋಯಿತು, ನಾವಿಬ್ಬರೂ ಮೊಣಕಾಲೂರಿ ಕೆಸರಿನಲ್ಲಿ ಉಳಿದೆವು. “ಬಾಯಾರ, ಈಗ ನೀವು ನಮ್ಮವರಾದ್ರಿ,” ಅಂದರು. ಕಾನ್ವೆಂಟಿನಲ್ಲಿ ನನಗೆ ಎಷ್ಟೋ ಮೆಡಲ್ ಬಂದಿದ್ದವು. ಈ ಮಾತಿನಷ್ಟು ಖುಷಿ ಯಾವುದಕ್ಕೂ ಆಗಿರಲಿಲ್ಲ.

ಮುದ್ದೇಬಿಹಾಳಕ್ಕೆ ಬರುವಾಗ ಅವರು ಒಂದು ಹೊಸ ಅಸೈನ್‌ಮೆಂಟ್ ಕೊಟ್ಟರು. ಇನ್ನು ಮೇಲೆ ಊರಿನವರ ಹತ್ತಿರ ಮಾತಾಡುವವಳು ನಾನು, ಅವರು ಹಿಂದೆ ನಿಲ್ಲುತ್ತಾರೆ. ನನ್ನ ಬೆಳಗಾವಿಯ ಕನ್ನಡ, ಅದರೊಳಗೆ ಇಂಗ್ಲಿಷಿನ ಕಲ್ಲು. ತಾಳಿಕೋಟೆಯ ಹತ್ತಿರದ ಒಂದು ಊರಲ್ಲಿ ಗೌಡರೊಬ್ಬರು ನನ್ನ ಭಾಷಣ ಪೂರ್ತಿ ಕೇಳಿ, ಹಿಂದೆ ನಿಂತ ಬಿರಾದಾರರಿಗೆ, “ಸಾಹೇಬ್ರ, ಹುಡುಗಿ ಏನಂತಾಳ?” ಎಂದು ಕೇಳಿದರು. ಬಿರಾದಾರರು ಎಲೆಯಡಿಕೆ ಜಗಿಯುತ್ತ, “ನನಗೂ ತಿಳೀಲಿಲ್ರಿ. ಮತ್ತೊಮ್ಮೆ ಕೇಳೂಣು,” ಅಂದರು. ಮತ್ತೊಮ್ಮೆ ಹೇಳಿದೆ, ಈ ಸಲ ಇಂಗ್ಲಿಷ್ ಬಿಟ್ಟು. ಗೌಡರು ತಲೆಯಾಡಿಸಿದರು. ಹಾಗೆ ನಾನು ಮಾತು ಕಲಿತೆ.

ಬಾಗೇವಾಡಿ ತಾಲೂಕಿನಲ್ಲಿ ನಮ್ಮ ಜೊತೆಗೆ ಗೌರಕ್ಕ ಸೇರಿದರು. ಗ್ರಾಮಸೇವಿಕೆ, ಹೂವಿನ ಹಿಪ್ಪರಗಿಯಲ್ಲಿ ಒಂದು ಕೋಣೆಯ ಬಾಡಿಗೆ ಮನೆ. ಆ ಕಡೆ ಹೋದಾಗ ನಾನು ಅವರಲ್ಲೇ ಉಳಿಯುತ್ತಿದ್ದೆ. ಊರಿನ ಕೂಸುಗಳನ್ನು ತೂಗುವುದು ಗೌರಕ್ಕನ ಕೆಲಸಗಳಲ್ಲೊಂದು. ಚಾವಡಿಯ ತೊಲೆಗೆ ಸ್ಪ್ರಿಂಗಿನ ತಕ್ಕಡಿ ನೇತುಹಾಕಿ, ಬಟ್ಟೆಯ ಜೋಳಿಗೆಯಲ್ಲಿ ಕೂಸನ್ನಿಟ್ಟು, ಮುಳ್ಳು ನೋಡಿ, ತಾಯಿಯ ಕಡೆ ತಿರುಗುತ್ತಿದ್ದರು. “ಇದಕ್ಕ ಏನ್ ತಿನಸಾಕತ್ತಿ ಬೇ, ಗಾಳಿ ಏನು? ಮುಂದಿನ ತಿಂಗಳ ಇಷ್ಟ ತೂಕ ಇದ್ರ ಊರ ಮುಂದ ನಿಂದ್ರಸ್ತೇನಿ ನೋಡು.” ತಕ್ಕಡಿ ಕಂಡರೆ ತಾಯಂದಿರು ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಗಲ್ಲಿ ತಪ್ಪಿಸಿ ಹೋಗುತ್ತಿದ್ದರು.

ಹಿಪ್ಪರಗಿಯ ಚೌಕ ಪೂರ್ತಿ ನನ್ನದು. ಬಿರಾದಾರರು ಅದನ್ನು ನನಗೇ ಬಿಟ್ಟುಕೊಟ್ಟಿದ್ದರು. ಎಳ್ಳಮವಾಸ್ಯೆ ಇನ್ನೇನು ಬರಬೇಕು ಎನ್ನುವಾಗ ನಾನು, ಗೌರಕ್ಕ ಇಬ್ಬರೇ ಹೋಗಿ ಗುರುತು ಮಾಡಿದೆವು. ಹೊಲ ನೀಲವ್ವನದು. ಹೊಲದೊಡೆಯ ಅವಳ ಗಂಡ ಸಂಗಪ್ಪ ಅನ್ನಬೇಕು, ಆದರೆ ಅವನು ಮಾತಿಲ್ಲದ ಮನುಷ್ಯ, ಮನೆಯ ಮಾತೆಲ್ಲ ನೀಲವ್ವನದೇ. ಐವತ್ತರ ಹೆಂಗಸು, ಹಣೆಯ ತುಂಬ ವಿಭೂತಿ, ಗಂಟಲು ಮೈಕಿನಂತೆ. ನಾನು ಗೂಟ ಹೊಡೆಯುವುದನ್ನು ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

“ಇದನ್ನ ಏನ್ ಮಾಡ್ತೀರಿ ಅಕ್ಕೋರ?”

“ಸುಗ್ಗಿಗೆ ಬಂದು ಇದರ ಜೋಳ ತೂಗ್ತೇವಿ. ಅಲ್ಲಿತನಾ ಕೊಯ್ಯಬ್ಯಾಡ್ರಿ, ಯಾರನ್ನೂ ಮುಟ್ಟಗೊಡಬ್ಯಾಡ್ರಿ.”

“ತೂಗ್ತೀರಿ?” ಅವಳು ನನ್ನ ಪಕ್ಕದಲ್ಲಿದ್ದ ಗೌರಕ್ಕನನ್ನು ನೋಡಿದಳು. ಮತ್ತೆ ಕೇಳಲಿಲ್ಲ. “ನೀವು ಹೋಗ್ರಿ. ನಾ ನೋಡ್ಕೋತೇನಿ,” ಅಂದಳು.

ನಡುವೆ ಒಮ್ಮೆ ಹೋಗಿ ನೋಡಿಬರಬೇಕೆಂದಿತ್ತು. ಎಮ್ಮೆಯ ಗೇರು ಕೆಟ್ಟು ಬಿಜಾಪುರದ ಗ್ಯಾರೇಜಿನಲ್ಲಿ ಮಲಗಿತು. ಹೊಲ ಒಣಗಿದೆ, ಕೊಯ್ಲಿಗೆ ಬನ್ನಿ ಎಂದು ಗೌರಕ್ಕ ಹೇಳಿಕಳಿಸಿದಾಗ, ರಿಪೇರಿಯಾದ ಎಮ್ಮೆಯಲ್ಲಿ, ದಾರಿಯಲ್ಲಿ ಅವರನ್ನೂ ಹತ್ತಿಸಿಕೊಂಡು ನಾವು ನಾಲ್ವರೂ ಹೊರಟೆವು. ಗೌರಕ್ಕ ತಿಂಗಳೆರಡು ತಿಂಗಳು ತಾಯಿಯ ಮನೆಯಲ್ಲಿದ್ದು ಆಗಷ್ಟೇ ಮರಳಿದ್ದರು, ಸುದ್ದಿ ಕೊಟ್ಟವನು ಸಂಗಪ್ಪ, ಅವರೂ ಹೊಲ ನೋಡಿರಲಿಲ್ಲ. ಸೀಸನ್ನಿನ ಕೊನೆಯ ಪ್ಲಾಟ್ ಅದು. ಇಂಡಿ, ಸಿಂದಗಿ, ಮುದ್ದೇಬಿಹಾಳ ಎಲ್ಲ ಕಡೆ ಕೊಯ್ಲು ಮುಗಿದಿತ್ತು, ಒಂದೂ ಲಾಸ್ ಇರಲಿಲ್ಲ. ನಾನು ಮುಂದಿನ ಸೀಟಿನಲ್ಲಿ ಕೂತು ಹಮ್ ಮಾಡುತ್ತಿದ್ದೆ.

ರಸ್ತೆಯ ತಿರುವಿನಲ್ಲಿ ಮಹಬೂಬಣ್ಣ ತಾನಾಗಿ ಬ್ರೇಕ್ ಹಾಕಿದ.

ಎದುರಿಗೆ ಹೊಲಗಳೆಲ್ಲ ಒಣಗಿ ಹುಲ್ಲಿನ ಬಣ್ಣಕ್ಕೆ ತಿರುಗಿದ್ದವು. ನೀಲವ್ವನ ಹೊಲವೂ ಹಾಗೆಯೇ. ಅದರ ನಡುವೆ, ಯಾರೋ ಕತ್ತರಿಯಿಂದ ಕತ್ತರಿಸಿ ಅಂಟಿಸಿದ ಹಾಗೆ, ಕಡುಹಸಿರಿನ ಒಂದು ಚೌಕ. ನಾನು ಕಟ್ಟಿದ ಹಗ್ಗದ ಒಳಗಿನ ಜೋಳ ಸುತ್ತಲಿನದಕ್ಕಿಂತ ಒಂದು ಮೊಳ ಎತ್ತರ, ಒಂದೊಂದು ತೆನೆ ನನ್ನ ಎರಡು ಮುಷ್ಟಿಯಷ್ಟು. ಮೂಲೆಯ ಕೆಂಪು ಬಟ್ಟೆಗೆ ಅರಿಶಿನ ಕುಂಕುಮ. ಪಕ್ಕದಲ್ಲಿ ನಾಲ್ಕು ಕಂಬದ ಒಂದು ಅಟ್ಟ, ಅದರ ಮೇಲೆ ಡಬ್ಬಿ, ಕೋಲು. ಇಡೀ ಹೊಲಕ್ಕೆ ಅಲ್ಲ, ಚೌಕವೊಂದಕ್ಕೇ ಕಾವಲು.

ನೀಲವ್ವ ಬದುವಿನಲ್ಲೇ ಕಾಯುತ್ತಿದ್ದಳು. ಹಬ್ಬದ ಇಳಕಲ್ ಸೀರೆ ಉಟ್ಟಿದ್ದಳು. “ಬರ್ರಿ ಅಕ್ಕೋರ. ತೂಗ್ರಿ ಈಗ. ಯಾರ್ ಏನಂತಾರ ನೋಡೂಣು.”

“ನೀಲವ್ವಾರ, ಇದಕ್ಕೆ ಏನು ಮಾಡಿದ್ರಿ?” ಅಂದೆ.

“ಏನ್ ಮಾಡೂದು, ಸಂಜಿಗೊಮ್ಮೆ ಬಾವಿಯಿಂದ ಕೊಡ ಹೊತ್ತು ನೀರ ಹಾಕೇನಿ. ಕುರಿ ಹಿಕ್ಕಿ ಹಾಕೇನಿ. ತೂಗಾಕ ಬರ್ತಾರಂದ್ರ ತೂಕ ಬರಬೇಕಲ್ರಿ? ಈ ಗೌರಕ್ಕ ತೂಕ ಕಡಿಮಿ ಬಂದ್ರ ಬಿಡ್ತಾಳೇನು? ನನ್ನ ಸೊಸಿಗೆ ಹೋದ ವರ್ಷ ಚಾವಡ್ಯಾಗ ನಿಂದ್ರಿಸಿ ಬೈದಾಳ. ಕೂಸು ಬಡಕ ಇದ್ರ ಅವ್ವನ ಮರ್ಯಾದಿ ಹೋಕ್ಕೈತಿ. ಹೊಲ ಬಡಕ ಇದ್ರ ನಂದು ಹೋಗಂಗಿಲ್ಲೇನು?”

ಗೌರಕ್ಕ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಬಿರಾದಾರರು ಟೋಪಿ ತೆಗೆದು ತಲೆ ಕೆರೆದುಕೊಂಡರು. ಸಂಗಪ್ಪ ಅಟ್ಟದ ಕಂಬಕ್ಕೆ ಒರಗಿ ನಿಂತಿದ್ದ.

ಮಹಬೂಬಣ್ಣ ಮೆಲ್ಲಗೆ, “ತೂಗಿ ಬಿಡ್ರಿ ಅಕ್ಕಾರ. ಜ್ವಾಳ ಜ್ವಾಳನಽ ಅಲ್ಲ? ಬಿಜಾಪುರದಾಗ ಕುಂತವರಿಗೆ ಹಸರು ಕಾಣತೈತೇನು?” ಅಂದ. ಅವನು ಕೆಟ್ಟ ಮನುಷ್ಯನಲ್ಲ. ನನ್ನ ಮುಖ ನೋಡಿ ಹಾಗಂದ.

ನಾನು ಬಿರಾದಾರರ ಕಡೆ ತಿರುಗಿದೆ. ಅವರು, “ನಿಮ್ಮ ಪ್ಲಾಟ್. ನೀವಽ ಹೇಳ್ರಿ,” ಅಂದರು. ಅಷ್ಟೇ. ಆ ಸೀಸನ್ನಿನಲ್ಲಿ ನನಗೆ ಸಿಕ್ಕ ಎಲ್ಲ ಅಸೈನ್‌ಮೆಂಟುಗಳಲ್ಲಿ ಅದೇ ಕಠಿಣವಾದದ್ದು. ಬೆಂಗಳೂರಿನ ಆ ಫ್ಯಾನು ನನ್ನ ತಲೆಯ ಮೇಲೆ ತಿರುಗುವುದು ಕೇಳುತ್ತಿತ್ತು.

“ಇದನ್ನ ತೂಗಿದರೆ, ತಾಲೂಕಿನ ಎಲ್ಲ ಜೋಳಕ್ಕೂ ಸಂಜಿಗೊಮ್ಮೆ ಕೊಡ ನೀರು ಹಾಕ್ಯಾರ ಅಂತ ಬರೆದಂಗ ಆಗ್ತದ,” ಅಂದೆ. “ಬ್ಯಾಡ ಸರ್.”

ಬಿರಾದಾರರು ಟೋಪಿ ಹಾಕಿಕೊಂಡರು. ನೀಲವ್ವ ಒಬ್ಬೊಬ್ಬರ ಮುಖ ನೋಡುತ್ತಿದ್ದಳು. “ಯಾಕ್ರಿ, ತೂಕ ಸಾಲಂಗಿಲ್ಲೇನು?”

ಗೌರಕ್ಕ ಅವಳನ್ನು ಬದುವಿನ ಮೇಲೆ ಕೂರಿಸಿಕೊಂಡು ತಿಳಿಸಿ ಹೇಳಿದರು. ಕೂಸಿನ ತೂಕ ಬೇರೆ, ಇದು ಬೇರೆ, ಇಲ್ಲಿ ಬಡಕ ಇದ್ದರೂ ಬೈಯುವವರಿಲ್ಲ. ನೀಲವ್ವನ ಮುಖ ಇಳಿಯುತ್ತಾ ಹೋಯಿತು. “ಚಲೋ ಬೆಳಸಿದ್ದು ತಪ್ಪಾತೇನು?”

“ತಪ್ಪಲ್ಲವ್ವ,” ಅಂದರು ಬಿರಾದಾರರು. “ಆದ್ರ ನಾವು ಚಲೋದು ಕೇಳಿದ್ದಿಲ್ಲ. ಇದ್ದದ್ದು ಕೇಳಿದ್ವಿ.”

“ಹಂಗಾರ ಅಕ್ಕೋರಿಗೆ ಏನಾಕೈತಿ?”

“ಬೆಂಗಳೂರಿಗೆ ಕಳಸ್ತಾರ,” ಅಂದ ಮಹಬೂಬಣ್ಣ.

“ಬೆಂಗಳೂರಾಗ ಜ್ವಾಳ ಬೆಳಿಯಂಗಿಲ್ಲಲ್ಲ. ಅಲ್ಲೇನ್ ತೂಗ್ತಾರ ಇವರು?”

“ಕಾಗದ.”

ನೀಲವ್ವ ನನ್ನನ್ನು ನೋಡಿದಳು. ಮಗಳು ಕೆಟ್ಟ ಮನೆಗೆ ಸೊಸೆಯಾಗಿ ಹೋಗುತ್ತಿದ್ದಾಳೆ ಎಂಬಂಥ ನೋಟ.

ಒಂದು ದಾರಿ ಇತ್ತು. ಗುರುತಿಸಿದ ಹೊಲ ಕೆಟ್ಟರೆ ಅದರಲ್ಲೇ ಇನ್ನೊಂದು ಚೌಕ ಹಾಕುವಂತಿಲ್ಲ, ಆದರೆ ಅದರ ಪಕ್ಕದ ನಂಬರಿನ ಹೊಲದಲ್ಲಿ, ಇನ್ನೂ ಕುಡುಗೋಲು ಬೀಳದಿದ್ದರೆ, ಹೊಸ ಚೌಕ ಹಾಕಬಹುದು ಎಂದು ನಿಯಮ. ಪಕ್ಕದ ಹೊಲ ಬದುವಿನ ಆಚೆಗೇ ಇತ್ತು, ಅದೇ ಬಿಳಿಜೋಳ, ಹಾಗೆಯೇ ಒಣಗಿತ್ತು. ಅಲ್ಲಿ ಕೊಯ್ಲಿನ ಹೆಂಗಸರು ಸೀರೆ ಎತ್ತಿ ಕಟ್ಟಿ, ಕುಡುಗೋಲು ಹಿಡಿದು, ಸಾಲಾಗಿ ನಿಲ್ಲುತ್ತಿದ್ದರು. ಇನ್ನೊಂದು ಗಳಿಗೆ ಹೋದರೆ ಆ ಹೊಲವೂ ಹೋಗುತ್ತಿತ್ತು.

ಗೌರಕ್ಕ ಸೆರಗು ಸಿಕ್ಕಿಸಿ ಓಡಿದರು, ನಾನು ಹಿಂದೆ. ಆ ಹೊಲದ ಯಜಮಾನಿ ಕಾಶವ್ವ, ಕಟ್ಟುಮಸ್ತಾದ ಹೆಂಗಸು, ಗಂಡ ತಾಳಿಕೋಟೆ ಸಂತೆಗೆ ಹೋಗಿದ್ದ. ಗೌರಕ್ಕನ ಮಾತು ಪೂರ್ತಿ ಕೇಳಿ, ಕುಡುಗೋಲಿನ ಅಂಚನ್ನು ಹೆಬ್ಬೆರಳಿನಿಂದ ನೋಡಿಕೊಳ್ಳುತ್ತ ಅಂದಳು: “ಕೆಂಪ ಬಟ್ಟಿ ಕಟ್ಟೂ ಮುಂದ ಈ ಹೊಲ ಕಾಣಲಿಲ್ಲೇನ್ರಿ ನಿಮಗ? ಸರಕಾರಕ್ಕ ಆ ಮನಿ ಮ್ಯಾಲ ಪ್ರೀತಿ ಐತಿ, ಅಲ್ಲೇ ತೂಗ್ರಿ. ಇಷ್ಟ ಮಂದಿ ಆಳು ಬಂದು ನಿಂತಾರ. ನಿಮ್ಮ ಹಗ್ಗ ಬಿಚ್ಚೂತನಾ ಕೂಡಿಸ್ಕೊಂಡು ಕಥಿ ಹೇಳ್ಲೇನು?”

ಗೌರಕ್ಕ ನನ್ನ ಕಿವಿಯಲ್ಲಿ, “ಇಕಿ ನೀಲವ್ವನ ನೆಗೆಣ್ಣಿ, ಮೈದುನನ ಹೇಂತಿ. ಮನಿ ಪಾಲಾಗಿ ಬ್ಯಾರಿ ಆಗೂ ಮುಂದ ಅತ್ತಿ ಬೀಸೂಕಲ್ಲು ಯಾರಿಗಂತ ಜಗಳ ಬಿದ್ದು ಮಾತ ಬಿಟ್ಟಾರ. ಎಷ್ಟ ವರ್ಷ ಆತೋ. ಒಂದ ಬಾವಿ ನೀರ ಸೇದ್ತಾರ, ಮಾತಿಲ್ಲ,” ಅಂದರು.

ನನಗೆ ಆಗಲೇ ಅಳು ಬಂದಿತ್ತು. ಕಾನ್ವೆಂಟಿನ ಅಭ್ಯಾಸ, ಬೆನ್ನು ನೆಟ್ಟಗೆ ಮಾಡಿ ಗದ್ದ ಎತ್ತಿ ನಿಂತೆ. ಹಾಗೆ ನಿಂತವಳಿಗೆ ಬದು ದಾಟಿ ಬರುತ್ತಿದ್ದ ನೀಲವ್ವ ಕಂಡಳು. ಇಳಕಲ್ ಸೀರೆಯ ನೆರಿಗೆ ಎತ್ತಿಕೊಂಡು, ಎಡಗೈಯನ್ನು ಸೊಂಟಕ್ಕೆ ಆನಿಸಿ, ಮೆಲ್ಲಗೆ. ಆಳುಗಳು ತಿರುಗಿ ನೋಡಿದರು. ಅವಳು ಬಂದು ಕಾಶವ್ವನ ಎದುರು ನಿಂತಳು.

“ಕಾಶಿ.”

ಕಾಶವ್ವ ಕುಡುಗೋಲಿನಿಂದ ಕಣ್ಣೆತ್ತಲಿಲ್ಲ.

“ಆ ಚೌಕ ನಾ ನೀರ ಹಾಕಿ ಕೆಡಸೇನಿ. ಈ ಹುಡುಗಿ ನೌಕರಿಗೆ ಕುತ್ತ ಬಂದೈತಿ. ಆಳ ನಿಂದ್ರಸು.”

“ಕೇಳಿದ್ರೇನ್ರೆ?” ಕಾಶವ್ವ ಆಳುಗಳ ಕಡೆ ತಿರುಗಿ ಅಂದಳು. “ಬ್ಯಾರಿ ಆದ ಮ್ಯಾಲ ಮೊದಲನೇ ಮಾತು. ಅದೂ ಹುಕುಂ.”

“ಹುಕುಂ ಅಲ್ಲ. ಬೇಡಾಕ ಬಂದೇನಿ.” ನೀಲವ್ವನ ಆ ಮೈಕಿನ ಗಂಟಲು ಎಲ್ಲಿ ಹೋಗಿತ್ತೋ. “ಆಳು ಕುಂತ ಹೊತ್ತಿಗೆ ಬದಲಿ ನಾ ಕೊಯ್ತೇನಿ. ನಿನ್ನ ಹೊಲ ಮುಗೂತನಾ.”

ಹಿರಿಯ ಸೊಸೆ, ಊರವರ ಎದುರಿಗೆ, ಕಿರಿಯವಳ ಹೊಲದಲ್ಲಿ ಆಳಾಗಿ ನಿಲ್ಲುತ್ತೇನೆ ಅಂದದ್ದು. ಅದರ ಭಾರ ನನಗೆ ಆಗ ಪೂರ್ತಿ ತಿಳಿಯಲಿಲ್ಲ. ಸಾಲಿನಲ್ಲಿದ್ದ ಹೆಂಗಸರಿಗೆ ತಿಳಿಯಿತು, ಒಬ್ಬಳು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು.

ಕಾಶವ್ವ ಕೊನೆಗೂ ಕಣ್ಣೆತ್ತಿದಳು. “ನಿನಗ ಸೊಂಟ ನೋವಲ್ಲ?”

“ಯಾರ್ ಹೇಳಿದ್ರು?”

“ಊರಾಗ ಅಂತಾರ.”

ಆಮೇಲೆ ಕಾಶವ್ವ ಕುಡುಗೋಲನ್ನು ಬದುವಿನ ಮಣ್ಣಿಗೆ ಸಿಕ್ಕಿಸಿ, “ಕುಂದ್ರ್ರೆ ಎಲ್ಲಾರೂ. ರೊಟ್ಟಿ ಬಿಚ್ರಿ. ಸರಕಾರ ಪಂಚಾಂಗ ನೋಡ್ತೈತಂತ,” ಅಂದಳು.

ಆ ದಿನ ಬಿರಾದಾರರು ನನ್ನ ಕೈಗೆ ಸುತ್ತಿಗೆ ಕೊಟ್ಟು, “ಇವತ್ತ ನಾ ಹಗ್ಗ ಹಿಡೀತೇನಿ. ನೀವು ಹೇಳ್ರಿ,” ಅಂದರು. ನಾನು ಅಂಕಿ ಓದಿದೆ, ಹೆಜ್ಜೆ ಹಾಕಿದೆ, ಗೂಟ ಹೊಡೆದೆ. ನನಗಿಂತ ಅಷ್ಟು ಹಿರಿಯ ಮನುಷ್ಯ ಹಗ್ಗದ ತುದಿ ಹಿಡಿದು ನಾನು ಹೇಳಿದ ಕಡೆ ಹೋಗಿ ನಿಂತರು. ಗೌರಕ್ಕ ಕೊಯ್ದರು, ಮಹಬೂಬಣ್ಣ ಕಂಬಳಿ ಹಾಸಿ ತೆನೆ ಬಡಿದ, ಸಂಗಪ್ಪ ತಾನಾಗಿ ಬಂದು ಮೊರ ಹಿಡಿದು ತೂರಿದ. ಕಾಶವ್ವ ಪಕ್ಕದಲ್ಲೇ ಕೂತು, ಕಂಬಳಿಯಿಂದ ಸಿಡಿದ ಒಂದೊಂದು ಕಾಳನ್ನೂ ಹೆಕ್ಕಿ ವಾಪಸ್ ಹಾಕುತ್ತಿದ್ದಳು. ತೂಕವಾದ ಮೇಲೆ, “ಎಷ್ಟ ಬಂತ್ರಿ? ಕಡಿಮಿ ಆತೇನು?” ಅಂದಳು. ಅವಳಿಗೂ ಗೌರಕ್ಕನ ತಕ್ಕಡಿಯ ಭಯವಿತ್ತು.

“ಬರಬೇಕಾದಷ್ಟ ಬಂದೈತಿ,” ಅಂದರು ಬಿರಾದಾರರು.

ಮಧ್ಯಾಹ್ನಕ್ಕೆ ಹಸಿರು ಚೌಕದ ಗತಿ ನಿರ್ಧಾರವಾಯಿತು. ಅದರ ತೆನೆಯಲ್ಲಿ ಇನ್ನೂ ಬಲಿಯದ ಹಾಲುಗಾಳು. ಊರಿನಲ್ಲೆಲ್ಲ ಎಳೆಜೋಳ ಸುಟ್ಟು ತಿನ್ನುವ ಸೀತನಿಯ ಕಾಲ ಮುಗಿದು ಎಷ್ಟೋ ದಿನವಾಗಿದ್ದಾಗ ನೀಲವ್ವ ಎಳೆ ತೆನೆಗಳನ್ನು ಮುರಿದು ತಂದು ಕೆಂಡದಲ್ಲಿ ಸುಟ್ಟು, ಗೋಣಿಯ ಮೇಲೆ ಬಡಿದು, ಬಿಸಿಬಿಸಿ ಕಾಳಿಗೆ ಬೆಲ್ಲ, ಶೇಂಗಾ ಹಿಂಡಿಯೆಂಬ ಖಾರದ ಪುಡಿ ಇಟ್ಟು ಎಲ್ಲರಿಗೂ ಕೊಟ್ಟಳು. ಆಳುಗಳಿಗೆ, ನಮಗೆ. ಕಾಶವ್ವನ ಕೈಗೂ ಒಂದು ಮುಷ್ಟಿ. ಕಾಶವ್ವ ಬಾಯಿಗೆ ಹಾಕಿಕೊಂಡು, “ನೀರ ಬಾಳ ಕುಡಿಸಿ, ಸಪ್ಪಗಾಗೈತಿ,” ಅಂದಳು. ಮುಷ್ಟಿ ಖಾಲಿಯಾದ ಮೇಲೆ ಮತ್ತೆ ಕೈ ಚಾಚಿದಳು.

ಊಟವಾದ ಮೇಲೆ ನೀಲವ್ವ ಇಳಕಲ್ ಸೀರೆಯನ್ನೇ ಎತ್ತಿ ಕಟ್ಟಿ, ಸಾಲಿನಲ್ಲಿ ನಿಂತು ಕೊಯ್ದಳು. ಬೇಡವೆಂದರೂ ಕೇಳಲಿಲ್ಲ, ಕಾಶವ್ವ ಬೇಡವೆನ್ನಲೂ ಇಲ್ಲ. ತನ್ನ ಸಾಲನ್ನು ನೀಲವ್ವನ ಪಕ್ಕಕ್ಕೇ ಹಿಡಿದಳು, ಹಿರಿಯವಳ ಪಾಲಿನ ದಂಟನ್ನೂ ಅಷ್ಟಿಷ್ಟು ತಾನೇ ಕೊಯ್ಯುತ್ತ ಹೋದಳು. ನಾವು ಜೀಪು ಹತ್ತುವಾಗ ಇಬ್ಬರ ಬೆನ್ನೂ ಬಾಗಿಯೇ ಇದ್ದವು.

ಬಾಗೇವಾಡಿ ಬಸ್‌ಸ್ಟ್ಯಾಂಡಿನಲ್ಲಿ ಎಮ್ಮೆ ನಿಲ್ಲಿಸಿ ಇಳಿದಾಗ ಚಹಾ ಯಾರದು ಎಂಬ ಪ್ರಶ್ನೆ ಬಂತು. ಪ್ಲಾಟ್ ನನ್ನದು, ತಪ್ಪೂ ನನ್ನದು ಎಂದು ನಾನು ಪರ್ಸ್ ತೆಗೆದೆ. ಗೌರಕ್ಕ ನನ್ನ ಕೈ ಹಿಡಿದರು. “ಒಳಗಿಡು ತಂಗಿ. ನಾ ಆ ಚಾವಡ್ಯಾಗ ಹಂಗ ಬೈದಿದ್ದಕ್ಕಽ ಇದೆಲ್ಲ ಆತು. ಚಾ ನಂದು.” ಬಿರಾದಾರರು, “ನಡುವ ಒಮ್ಮೆ ಬಸ್ಸಿಗಾದ್ರೂ ಬಂದು ನೋಡಬೇಕಿತ್ತು ನಾನು. ಚಾ ನಂದು,” ಅಂದರು. ಮಹಬೂಬಣ್ಣ ಕ್ಯಾಂಟೀನಿನವನಿಗೆ ಆಗಲೇ ಕೂಗಿ ಹೇಳಿಬಿಟ್ಟಿದ್ದ. “ಎಮ್ಮಿ ಕೆಟ್ಟದ್ದು ನನ್ನ ಕೈಯಾಗ್ರಿ. ತೂಗಿ ಬಿಡ್ರಿ ಅಂದದ್ದೂ ನಾನಽ. ನನಗ ಎರಡು ಚಾ ಬೀಳ್ತಾವ.” ಯಾರೂ ಬಿಟ್ಟುಕೊಡಲಿಲ್ಲ. ಆ ಸಂಜೆ ಒಬ್ಬೊಬ್ಬರ ಲೆಕ್ಕದಲ್ಲಿ ಒಂದೊಂದು ಸರ್ತಿ ಚಹಾ ಬಂತು, ನಾನು ಹೊಟ್ಟೆ ತುಂಬ ಕುಡಿದೆ. ನನ್ನ ಸರದಿ ಬರಲೇ ಇಲ್ಲ. ಲೈಫಿನಲ್ಲಿ ನನಗೆ ಆಮೇಲೆ ಹಲವು ಟೀಮುಗಳು ಸಿಕ್ಕವು, ಒಳ್ಳೆಯವೂ ಸಿಕ್ಕವು. ತಪ್ಪಿಗಾಗಿ ಹೀಗೆ ಕಿತ್ತಾಡಿ ಪಾಲು ತೆಗೆದುಕೊಂಡವರನ್ನು ಮತ್ತೆ ನೋಡಲಿಲ್ಲ.

ಬಿಜಾಪುರಕ್ಕೆ ರಿಪೋರ್ಟ್ ಮಾಡಲು ಹೋದಾಗ ಮೂವರೂ ನನ್ನ ಜೊತೆ ಬಂದರು. ಗೌರಕ್ಕನ ಕಚೇರಿ ಬೇರೆ, ಅವರಿಗೆ ಬರುವ ಕಾರಣವೇ ಇರಲಿಲ್ಲ. ರಜೆ ಹಾಕಿ ಬಂದರು. ದೊಡ್ಡ ಸಾಹೇಬರು ಹೊಲ ಬದಲಾದ ಕಾರಣ ಕೇಳಿದರು, ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ನೀರು, ಕುರಿಹಿಕ್ಕೆ, ಅರಿಶಿನ ಕುಂಕುಮ, ಕಾವಲಿನ ಅಟ್ಟ, ಎಲ್ಲ. ಅವರು ಬಹಳ ಹೊತ್ತು ಪೇಪರ್‌ವೇಟ್ ತಿರುಗಿಸಿದರು.

“ಮೊದಲನೇ ಚೌಕ ತೂಗಲಿಲ್ಲವಾ? ಕುತೂಹಲಕ್ಕೂ ಕೂಡ?”

“ಇಲ್ಲ ಸರ್. ತಿಂದ್ವಿ.”

ಅವರ ಭುಜ ಅಲುಗಿತು. ನಗುವವರಲ್ಲ ಅವರು, ಕನ್ನಡಕ ತೆಗೆದು ಒರೆಸಿಕೊಂಡರು. “ಮುಂದಿನ ಸೀಸನ್ನಿಗೆ ಸಿಂದಗಿ ಪೂರ್ತಿ ನೀವೇ ನೋಡ್ಕೊಳಿ. ಬಿರಾದಾರರಿಗೆ ವಯಸ್ಸಾಯ್ತು,” ಅಂದರು. ಹೊರಗೆ ಬಂದಾಗ ಬಿರಾದಾರರು, ತಮಗೇನೂ ವಯಸ್ಸಾಗಿಲ್ಲ ಎಂದು ತೋರಿಸಲು, ಕಚೇರಿಯ ಮೆಟ್ಟಿಲನ್ನು ಎರಡೆರಡಾಗಿ ಇಳಿದರು.

ಹಾಗೆ ಉಳಿದುಕೊಂಡವಳು ನಿವೃತ್ತಿಯ ತನಕ ಫೀಲ್ಡಿನಲ್ಲೇ ಇದ್ದೆ. ಫ್ಯಾನಿನ ಕೆಳಗೆ ಕೂತದ್ದು ಕಡಿಮೆ. ಬೆಳಿಗ್ಗೆ ಎದ್ದು ಕಾಫಿ ಹಿಡಿದು ಕೂತಾಗ ಒಮ್ಮೊಮ್ಮೆ ಎಣಿಸುತ್ತೇನೆ, ಇದನ್ನೆಲ್ಲ ಕೊಟ್ಟವರು ಯಾರು ಅಂತ. ಕಾನ್ವೆಂಟಿನ ಗ್ರೇಸಿನಲ್ಲಿ ನಾವು ಊಟಕ್ಕೆ ಥ್ಯಾಂಕ್ಸ್ ಹೇಳುತ್ತಿದ್ದೆವು. ನನ್ನ ಮನಸ್ಸಿನಲ್ಲಿ ಈಗ ಅದೇ ಜಾಗದಲ್ಲಿ ಈ ಹೆಸರುಗಳು ಬರುತ್ತವೆ, ಮೊದಲನೆಯದು ನೀಲವ್ವನದು.

ಅವಳನ್ನು ಕೊನೆಯ ಸಲ ನೋಡಿದ್ದು ಒಂದೆರಡು ವರ್ಷದ ಮೇಲೆ, ನನಗೆ ಗುಲ್ಬರ್ಗಕ್ಕೆ ವರ್ಗವಾದಾಗ. ಹೇಳಿ ಹೋಗೋಣ ಎಂದು ಹಿಪ್ಪರಗಿಗೆ ಇಳಿದೆ. ಅವಳ ಮನೆಯಲ್ಲಿ ಸಂಗಪ್ಪ ಒಬ್ಬನೇ ಕೂತಿದ್ದ, ಬಾಯಿ ಬಿಡದೆ ಓಣಿಯ ಆ ತುದಿಗೆ ಕೈ ತೋರಿಸಿದ. ಅದು ಕಾಶವ್ವನ ಮನೆ. ಅಂಗಳದಲ್ಲಿ ಒರಳಿನ ಎರಡು ಕಡೆ ಕೂತು ಇಬ್ಬರೂ ಖಾರ ಕುಟ್ಟುತ್ತಿದ್ದರು, ಬೆಳ್ಳುಳ್ಳಿ ಎಷ್ಟು ಹಾಕಬೇಕೆಂದು ಜಗಳ ಹತ್ತಿತ್ತು. ನೀಲವ್ವನ ಗಂಟಲು ಪೂರ್ತಿ ವಾಪಸ್ ಬಂದಿತ್ತು. ಬಾಗಿಲಲ್ಲಿ ನಿಂತ ನನ್ನನ್ನು ಕಂಡವಳೇ, “ಬರ್ರಿ ಅಕ್ಕೋರ, ಕುಂದ್ರ್ರಿ. ಇಕಿದೊಂದ ಮುಗಿಸಿ ಬರ್ತೇನಿ,” ಅಂದು ಮತ್ತೆ ಅತ್ತ ತಿರುಗಿದಳು. ನಾನು ಕಟ್ಟೆಯ ಮೇಲೆ ಕೂತೆ. ಒನಕೆ ಮೇಲೆ ಕೆಳಗೆ ಹೋಗುತ್ತಿತ್ತು, ಮಾತು ಒಂದರ ಮೇಲೊಂದು ಬೀಳುತ್ತಿತ್ತು, ಯಾರದೂ ಮುಗಿಯುವ ಹಾಗಿರಲಿಲ್ಲ. ಬಸ್ಸಿನ ಹಾರ್ನ್ ಕೇಳಿತು. ನಾನು ಎದ್ದು ಕೈಮುಗಿದೆ. ಅವಳು ನೋಡಲಿಲ್ಲ, ಕಾಶವ್ವನ ಕಡೆ ಒನಕೆ ಚಾಚಿ ಏನೋ ಹೇಳುತ್ತಿದ್ದಳು.